ತಾರಸಿಯ ಟೊಮೆಟೊ: ಕಾಯಿಯ ತಳ ಕಪ್ಪಾಗುವುದೇಕೆ?

ಗಿಡ ಸೊಂಪಾಗಿದೆ, ಎಲೆಗೆ ಹುಳುವಿನ ಕಾಟವಿಲ್ಲ, ಗೊಂಚಲಿನ ತುಂಬ ಕಾಯಿ. ಆದರೆ ಕಾಯಿ ನಿಂಬೆಹಣ್ಣಿನ ಗಾತ್ರಕ್ಕೆ ಬರುವ ಹೊತ್ತಿಗೆ ಅದರ ತಳದಲ್ಲಿ, ಹೂ ಉದುರಿದ ಜಾಗದಲ್ಲಿ, ನೀರು ಹೀರಿದಂಥ ಮಚ್ಚೆ ಏಳುತ್ತದೆ. ಕೆಲವೇ ದಿನಗಳಲ್ಲಿ ಅದು ಕಪ್ಪಾಗಿ, ಗಟ್ಟಿಯಾಗಿ, ಒಳಕ್ಕೆ ಕುಸಿಯುತ್ತದೆ. ಕುಂಡದಲ್ಲಿ ಟೊಮೆಟೊ ಬೆಳೆಯುವವರನ್ನು ಬೇಸಿಗೆಯಲ್ಲಿ ಹೆಚ್ಚು ಕಾಡುವ ತೊಂದರೆ ಇದು. ಶಿಲೀಂಧ್ರವೋ ಬ್ಯಾಕ್ಟೀರಿಯಾವೋ ತರುವ ರೋಗ ಇದಲ್ಲ. ಹಾಗಾಗಿ ಬೇವಿನೆಣ್ಣೆ ಸಿಂಪಡಿಸಿ ಪ್ರಯೋಜನವಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಎಲೆ ಮುದುಡು ವೈರಸ್ಸನ್ನೂ ಸೊರಗು ರೋಗವನ್ನೂ ತಡೆದುಕೊಳ್ಳುತ್ತದೆ. ಆ ಗುಣವೂ ಇಲ್ಲಿ ನೆರವಿಗೆ ಬಾರದು.

ತಳ ಕಪ್ಪಾಗುವುದು ಕಾಯಿಗೆ ಕ್ಯಾಲ್ಸಿಯಂ ತಲುಪದೆ ಇದ್ದಾಗ. ಹೊಸ ಜೀವಕೋಶಗಳ ಗೋಡೆ, ಪೊರೆ ಗಟ್ಟಿಯಾಗಲು ಅದು ಬೇಕೇ ಬೇಕು. ಕ್ಯಾಲ್ಸಿಯಂ ಗಿಡದೊಳಗೆ ಸಾಗುವುದು ಬೇರು ಹೀರಿದ ನೀರಿನ ಜೊತೆಗೆ. ಎಲೆಗಳು ದಿನವಿಡೀ ನೀರನ್ನು ಆವಿಯಾಗಿ ಬಿಡುವುದರಿಂದ ಹೆಚ್ಚಿನ ಪಾಲು ಅವುಗಳಿಗೇ ಹೋಗುತ್ತದೆ. ಕಾಯಿಯಿಂದ ನೀರು ಆವಿಯಾಗುವುದು ತೀರ ಕಡಿಮೆ, ಅದಕ್ಕೆ ಸಿಗುವ ಪಾಲೂ ಕಡಿಮೆ. ಅದರಲ್ಲೂ ತಳ ಈ ಹಾದಿಯ ಕಟ್ಟಕಡೆಯ ನಿಲ್ದಾಣ. ಎಲೆ ಸೇರಿದ ಕ್ಯಾಲ್ಸಿಯಂ ಕಾಯಿಗೆ ಮರಳುವುದಿಲ್ಲವಾದ್ದರಿಂದ ಎಲೆಗೆ ಸಿಂಪಡಿಸಿದ್ದು ಕಾಯಿಗೆ ದಕ್ಕುವುದಿಲ್ಲ.

ಮೊಟ್ಟೆಯ ಚಿಪ್ಪು ಪುಡಿಮಾಡಿ ಹಾಕುವ ರೂಢಿಯಿದೆ. ಚಿಪ್ಪು ಮಣ್ಣಿನಲ್ಲಿ ಕರಗಲು ತಿಂಗಳುಗಟ್ಟಲೆ ಬೇಕು. ಕೊಳವೆಬಾವಿಯ ಗಡಸು ನೀರು ಹಾಯಿಸುವ ಮನೆಗಳಲ್ಲಂತೂ ಕುಂಡದಲ್ಲಿ ಕ್ಯಾಲ್ಸಿಯಂ ಸಾಕಷ್ಟಿರುತ್ತದೆ. ಹೆಚ್ಚಿನ ಸಲ ತಪ್ಪುವುದು ನೀರಿನ ಕ್ರಮ. ಎರಡು ದಿನ ಒಣಗಿಸಿ ಮೂರನೆಯ ದಿನ ತುಂಬಿ ಹರಿಸಿದರೆ, ಒಣಗಿದ ಆ ಎರಡು ದಿನ ಕಾಯಿಗೆ ಸರಬರಾಜೇ ಇರುವುದಿಲ್ಲ.

ಆದ್ದರಿಂದ ಕುಂಡ ದೊಡ್ಡದಿರಲಿ. ಒಂದು ಗಿಡಕ್ಕೆ 15ರಿಂದ 20 ಲೀಟರ್, ಆಳ ಕನಿಷ್ಠ 12 ಇಂಚು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ. ಕೊಕೊಪೀಟನ್ನು ಎರಡು ಮೂರು ಸಲ ನೀರಲ್ಲಿ ನೆನೆಸಿ ಹಿಂಡಲೇಬೇಕು: ತೊಳೆಯದ ನಾರಿನ ಪುಡಿಯಲ್ಲಿರುವ ಸೋಡಿಯಂ, ಪೊಟ್ಯಾಸಿಯಂ ಲವಣಗಳು ಬೇರು ಕ್ಯಾಲ್ಸಿಯಂ ಹೀರಲು ಅಡ್ಡಿಪಡಿಸುತ್ತವೆ.

ನೀರು ಬಸಿಯಲೆಂದು ತಳಕ್ಕೆ ಜಲ್ಲಿ ತುಂಬುವುದನ್ನು ದಯವಿಟ್ಟು ಬಿಡಿ. ಒದ್ದೆ ಸ್ಪಂಜನ್ನು ನೆಟ್ಟಗೆ ಹಿಡಿದಾಗ ಕೆಳತುದಿಯಲ್ಲಿ ನೀರು ನಿಲ್ಲುವಂತೆ ಮಣ್ಣಿನ ತಳದಲ್ಲೂ ಒಂದು ಜವುಗು ಪದರ ಉಳಿಯುತ್ತದೆ. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಕಲ್ಲಿನ ಸಂದಿಗೆ ನೀರು ಸುಲಭವಾಗಿ ಇಳಿಯದು. ಜಲ್ಲಿ ಹಾಕಿದರೆ ಆ ಪದರ ಮೇಲೇರಿ ಬೇರಿನ ಜಾಗವನ್ನೇ ಕಬಳಿಸುತ್ತದೆ. ಉಸಿರುಗಟ್ಟಿದ ಬೇರು ನೀರಿದ್ದರೂ ಹೀರದು, ಕಾಯಿಯ ತಳ ಆಗಲೂ ಕಪ್ಪಾಗುತ್ತದೆ. ತೂತಿನ ಮೇಲೆ ಒಂದು ಓಡಿನ ಚೂರು ಸಾಕು.

ಕಾಯಿ ಕಟ್ಟಿದ ಗಿಡಕ್ಕೆ ಏಪ್ರಿಲ್ ಬಿಸಿಲಲ್ಲಿ ದಿನಕ್ಕೆ ಒಂದರಿಂದ ಎರಡು ಲೀಟರ್ ನೀರು ಬೇಕಾಗಬಹುದು; ಮಣ್ಣಿಗೆ ಬೆರಳು ತೂರಿಸಿ ನೋಡಿ, ಒಂದು ಇಂಚು ಕೆಳಗೆ ತೇವವಿದ್ದರೆ ತಡೆಯಿರಿ. ಪೂರ್ತಿ ಒಣಗಿದ ಮಿಶ್ರಣ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಂಡಿರುತ್ತದೆ, ಹಾಕಿದ ನೀರು ಅಂಚಿನಲ್ಲೇ ಜಾರಿ ತಳದಿಂದ ಹೊರಬರುತ್ತದೆ. ನೀರು ಸುರಿಯಿತೆಂದು ನಂಬಿದರೆ ಮೋಸವೇ, ನಡುವಿನ ಬೇರು ಒಣಗಿಯೇ ಇರುತ್ತದೆ. ಹೀಗಾದಾಗ ಅರ್ಧ ಲೀಟರ್ ಹಾಕಿ, ಅರ್ಧ ಗಂಟೆ ಬಿಟ್ಟು ಉಳಿದದ್ದು ಹಾಕಿ. ಮೇಲೆ ಎರಡು ಇಂಚು ಒಣ ಎಲೆ ಹೊದಿಸಿ.

ಯೂರಿಯಾ, ಕೊಳೆಸಿದ ಕಡಲೆಕಾಯಿ ಹಿಂಡಿಯ ನೀರು ಕಾಯಿ ಕಟ್ಟುವ ಹೊತ್ತಿಗೆ ಬೇಡ. ಅವುಗಳಿಂದ ಬರುವ ಅಮೋನಿಯಂ ಕ್ಯಾಲ್ಸಿಯಂನೊಡನೆ ಪೈಪೋಟಿಗಿಳಿಯುತ್ತದೆ. ಹೆಚ್ಚಿದ ಎಲೆ ನೀರನ್ನೆಲ್ಲ ತನ್ನತ್ತ ಸೆಳೆಯುತ್ತದೆ.

ಕಪ್ಪಾದ ಕಾಯಿ ಸರಿಹೋಗುವುದಿಲ್ಲ, ಕಿತ್ತುಬಿಡಿ. ಕಾಯಿ ಕಟ್ಟಿದ ಮೊದಲ ಎರಡು ವಾರಗಳೇ ನಿರ್ಣಾಯಕವಾದ್ದರಿಂದ ನೀರಿನ ಕ್ರಮ ಸರಿಪಡಿಸಿದ ಫಲ ಮುಂದಿನ ಗೊಂಚಲುಗಳಲ್ಲಿ ಕಾಣುತ್ತದೆ. ದಿನವೂ ನೀರುಣಿಸಲು ಆಗದ ಮನೆಗೆ ಚೆರಿ ಟೊಮೆಟೊ ಒಳ್ಳೆಯದು. ಅದರ ಪುಟ್ಟ ಕಾಯಿಗಳಲ್ಲಿ ಈ ತೊಂದರೆ ಅಪರೂಪ.