ಒಂದೇ ಫೈಲು, ಐದಾರು ಕಿಟಕಿ

ಮನೆಯ ಲಿನಕ್ಸ್ ಕಂಪ್ಯೂಟರಿಗೆ ಪೆನ್‌ಡ್ರೈವ್ ಹಾಕಿ, ಅದರಲ್ಲಿರುವ ಆಧಾರ್ ಸ್ಕ್ಯಾನನ್ನು ಫೈಲ್ ಮ್ಯಾನೇಜರಿನಲ್ಲಿ, ಅಂದರೆ ಫೈಲು-ಫೋಲ್ಡರುಗಳನ್ನು ತೋರಿಸುವ ಕಿಟಕಿಯಲ್ಲಿ, ಡಿಲೀಟ್ ಮಾಡಿ. ಆಮೇಲೆ ದಾವಣಗೆರೆ ಪಿ.ಜೆ. ಬಡಾವಣೆಯ ಯಾವುದಾದರೂ ಜೆರಾಕ್ಸ್ ಅಂಗಡಿಯ ವಿಂಡೋಸ್ ಯಂತ್ರಕ್ಕೆ ಅದೇ ಪೆನ್‌ಡ್ರೈವ್ ಚುಚ್ಚಿ ನೋಡಿ. ‘.ಟ್ರ್ಯಾಶ್-1000’ ಎಂಬ ಫೋಲ್ಡರೊಂದು ಕಾಣುತ್ತದೆ. ಹೋಯಿತು ಅಂದುಕೊಂಡ ಆಧಾರ್ ಅದರೊಳಗೆ ಹಾಯಾಗಿ ಕೂತಿರುತ್ತದೆ, ಅಂಗಡಿಯವರ ಕಣ್ಣೆದುರಿಗೇ.

ಇದು ದೋಷವಲ್ಲ. ಪೆನ್‌ಡ್ರೈವಿನ ಫೈಲನ್ನು ಕಂಪ್ಯೂಟರಿನ ಕಸದಬುಟ್ಟಿಗೆ ಹಾಕಬೇಕೆಂದರೆ ಅದನ್ನು ಪೂರ್ತಿ ಡಿಸ್ಕಿಗೆ ಕಾಪಿ ಮಾಡಬೇಕಾಗುತ್ತದೆ. ಅದರ ಬದಲು ಪೆನ್‌ಡ್ರೈವಿನಲ್ಲೇ ಒಂದು ಬುಟ್ಟಿ ಮಾಡಿಟ್ಟರೆ, ಫೈಲು ಯಾವ ಫೋಲ್ಡರಿನಲ್ಲಿದೆ ಎಂಬ ನಮೂದನ್ನಷ್ಟೇ ಬದಲಿಸಿದರಾಯಿತು. ಕ್ಷಣದ ಕೆಲಸ. 1000 ಎನ್ನುವುದು ಬಹುತೇಕ ಲಿನಕ್ಸ್‌ಗಳು ಮೊದಲ ಬಳಕೆದಾರನಿಗೆ ಕೊಡುವ ಸಂಖ್ಯೆ. ಹೆಸರಿನ ಮುಂದೆ ಚುಕ್ಕಿ ಇದ್ದರೆ ಲಿನಕ್ಸ್‌ನಲ್ಲಿ ಅದು ಅಡಗಿರುತ್ತದೆ. ವಿಂಡೋಸ್‌ಗೆ ಆ ಚುಕ್ಕಿಯ ಲೆಕ್ಕವೇ ಇಲ್ಲ. ಪೆನ್‌ಡ್ರೈವ್ ಖಾಲಿಯಾಗಿ ಕಂಡರೂ ‘ಜಾಗವಿಲ್ಲ’ ಎನ್ನುವುದಕ್ಕೂ ಎಷ್ಟೋ ಸಲ ಇದೇ ಕಾರಣ. ಬುಟ್ಟಿಗೆ ಹೋಗುವುದೇ ಬೇಡವೆಂದರೆ ಶಿಫ್ಟ್ ಹಿಡಿದು ಡಿಲೀಟ್ ಒತ್ತಬೇಕು.

ನಾಟಿಲಸ್, ನೀಮೋ, ಡಾಲ್ಫಿನ್, ಥುನಾರ್ — ಯಾವ ಫೈಲ್ ಮ್ಯಾನೇಜರ್ ಬಳಸಿದರೂ ಇದು ಹೀಗೆಯೇ. ಎಲ್ಲರೂ ಒಪ್ಪಿಕೊಂಡ ಒಂದೇ ನಿಯಮಾವಳಿ ಇದೆ. ಹಾಗಾದರೆ ವ್ಯತ್ಯಾಸ ಎಲ್ಲಿ?

ಬಹುಪಾಲು ಕೈಗೆ ಸಿಗುವ ಸೌಕರ್ಯದಲ್ಲಿ. ನಾಟಿಲಸ್ ಶುರುವಾದದ್ದು ಈಝೆಲ್ ಎಂಬ ಕಂಪನಿಯಲ್ಲಿ. ಆ್ಯಪಲ್ ಮ್ಯಾಕಿಂತೋಷ್ ಕಟ್ಟಿದ ತಂಡದಲ್ಲಿದ್ದ ಆ್ಯಂಡಿ ಹರ್ಟ್ಸ್‌ಫೆಲ್ಡ್ ಅಲ್ಲಿದ್ದರು. 2001ರಲ್ಲಿ ಮೊದಲ ಆವೃತ್ತಿ ಬಂತು, ಅದೇ ವರ್ಷ ಕಂಪನಿ ಮುಚ್ಚಿತು, ತಂತ್ರಾಂಶ ಮಾತ್ರ ಲಿನಕ್ಸ್‌ಗೆ ಗ್ನೋಮ್ ಎಂಬ ಡೆಸ್ಕ್‌ಟಾಪ್ ಕಟ್ಟುವವರ ಕೈಯಲ್ಲಿ ಬದುಕಿತು. 2012ರಲ್ಲಿ ಅವರು ಅದನ್ನು ‘ಸರಳ’ಗೊಳಿಸುವ ಭರದಲ್ಲಿ ಎಫ್3 ಒತ್ತಿದರೆ ಕಿಟಕಿ ಎರಡು ಭಾಗವಾಗುವ ಅನುಕೂಲವನ್ನೇ ಕಿತ್ತುಹಾಕಿದರು. ಕ್ಯಾಮೆರಾ ಕಾರ್ಡಿನಿಂದ ಮದುವೆ ಫೋಟೊ ಆರಿಸಿ ಆಲ್ಬಮ್ ಫೋಲ್ಡರಿಗೆ ಎಳೆದು ಹಾಕುವ ಸ್ಟುಡಿಯೊ ಹುಡುಗನಿಗೆ ಇದು ಸರಳತೆಯಲ್ಲ, ತಲೆನೋವು. ಲಿನಕ್ಸ್‌ನ ಇನ್ನೊಂದು ಬಗೆಯಾದ ಲಿನಕ್ಸ್ ಮಿಂಟ್‌ನವರು ನಾಟಿಲಸ್‌ನ ಹಳೆಯ ಕೋಡನ್ನೇ ತೆಗೆದುಕೊಂಡು ನೀಮೋ ಮಾಡಿದ್ದು ಇಂಥ ಬೇಸರದಿಂದಲೇ. ಅದರಲ್ಲಿ ಎಫ್3 ಇದೆ. ಕೆಡಿಇ ಎಂಬ ಇನ್ನೊಂದು ಡೆಸ್ಕ್‌ಟಾಪಿನ ಡಾಲ್ಫಿನ್‌ನಲ್ಲೂ ಇದೆ, ಜೊತೆಗೆ ಎಫ್4 ಒತ್ತಿದರೆ ಕೆಳಗೆ ಆದೇಶ ಟೈಪಿಸುವ ಟರ್ಮಿನಲ್ ತೆರೆದುಕೊಳ್ಳುತ್ತದೆ.

ಹಳೆಯ ಯಂತ್ರವಾದರೆ ನನ್ನ ಮತ ಥುನಾರ್‌ಗೆ. ಹಗುರ, ಚುರುಕು. ಇನ್ನೂರು ಫೋಟೊ ಆಯ್ದು ಎಫ್2 ಒತ್ತಿದರೆ ಎಲ್ಲಕ್ಕೂ ಒಟ್ಟಿಗೆ ಹೊಸ ಹೆಸರು, ಕ್ರಮಸಂಖ್ಯೆ ಸಮೇತ. ಎರಡು ಭಾಗದ ಕಿಟಕಿ 2022ರ ಕೊನೆಯಲ್ಲಷ್ಟೇ ಬಂತು, ತಡವಾದರೂ ಬಂತಲ್ಲ.

‘ಇದರಲ್ಲಿ ಕಾಪಿ ಬೇಗ ಆಗುತ್ತೆ’ ಎಂಬ ಮಾತನ್ನು ಮಾತ್ರ ಪೂರ್ತಿ ನಂಬಬೇಡಿ. ಕಾಪಿ ಎಷ್ಟಾಯಿತೆಂದು ತೋರಿಸುವ ಪಟ್ಟಿ ನೂರಕ್ಕೆ ಮುಟ್ಟಿದಾಗ ಡೇಟಾದ ಒಂದು ಪಾಲು ಇನ್ನೂ ರ‍್ಯಾಮ್‌ನಲ್ಲೇ ಇರಬಹುದು. ಲಿನಕ್ಸ್‌ನ ತಿರುಳಾದ ಕರ್ನಲ್ ಅದನ್ನು ಹಿಂದಿನಿಂದ ನಿಧಾನವಾಗಿ ಪೆನ್‌ಡ್ರೈವಿಗೆ ಬರೆಯುತ್ತಿರುತ್ತದೆ. ಇಜೆಕ್ಟ್ ಒತ್ತಿದಾಗ ಅದು ಸತಾಯಿಸುವುದು ಅದಕ್ಕೇ. ಆಗಲೇ ಕಿತ್ತರೆ ಫೈಲು ಅರ್ಧಂಬರ್ಧ.

ಇನ್ನೊಂದು ಮಿತಿ ಕನ್ನಡದಲ್ಲಿ ಫೈಲಿಗೆ ಹೆಸರಿಡುವವರಿಗೆ ಬೇಗ ತಟ್ಟುತ್ತದೆ. ಲಿನಕ್ಸ್‌ನ ಇಎಕ್ಸ್‌ಟಿ4 ಎಂಬ ಬಗೆಯಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕಿನಲ್ಲಿ ಒಂದು ಹೆಸರಿಗೆ 255 ಬೈಟ್ ಮಾತ್ರ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಗುಣಿತದ ಚಿಹ್ನೆ, ಒತ್ತು ತರುವ ಹಲಂತ ಚಿಹ್ನೆ, ಎಲ್ಲ ಪ್ರತ್ಯೇಕ ಲೆಕ್ಕ. ಅಂದರೆ 85 ಸಂಕೇತಕ್ಕೆ ಮುಗಿಯಿತು. ವಿಂಡೋಸ್ ಬೈಟ್ ಲೆಕ್ಕ ಹಿಡಿಯುವುದಿಲ್ಲವಾದ್ದರಿಂದ ಅಲ್ಲಿ ಇಟ್ಟ ಉದ್ದನೆಯ ಕನ್ನಡ ಹೆಸರು ಇಲ್ಲಿ ಕಾಪಿಯೇ ಆಗದಿರಬಹುದು. ಐದು ಅಕ್ಷರದ ‘ದಾವಣಗೆರೆ’ಗೆ 24 ಬೈಟ್ ಬೇಕು, ನಾಲ್ಕೇ ಅಕ್ಷರದ ‘ಚಿತ್ರದುರ್ಗ’ಕ್ಕೆ 30.