‘ನನ್ನ ಡೇಟಾ ಅಳಿಸಿ’ ಅಂದರೆ ಕಂಪನಿ ಅಳಿಸಲೇಬೇಕಾ?

ಪ್ರಶ್ನೆ: ಎಚ್-1ಬಿ ವೀಸಾದಲ್ಲಿ ಬಂದು ಸನ್ನಿವೇಲ್‌ನಲ್ಲಿ ಇದ್ದೇವೆ. ಕ್ಯಾಲಿಫೋರ್ನಿಯಾದ ಪ್ರೈವೆಸಿ ಕಾನೂನು ನಮಗೂ ಅನ್ವಯಿಸುತ್ತಾ? ಯಾವ ಕಂಪನಿಗಾದರೂ ನನ್ನ ಮಾಹಿತಿ ಅಳಿಸಿ ಅಂತ ಹೇಳಬಹುದಾ?

ಉತ್ತರ: ಅನ್ವಯಿಸುತ್ತದೆ. ಆ ರಾಜ್ಯದಲ್ಲಿ ನೆಲೆಸಿದ್ದರೆ ಸಾಕು, ಪೌರತ್ವ, ಗ್ರೀನ್ ಕಾರ್ಡ್ ಯಾವುದೂ ಬೇಕಿಲ್ಲ. ಮೊಮ್ಮಗುವನ್ನು ನೋಡಲು ಆರು ತಿಂಗಳಿಗೆ ಬಂದ ಅಪ್ಪ ಅಮ್ಮ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ.

ಇಡೀ ಅಮೆರಿಕಕ್ಕೆ ಒಂದೇ ಸಮಗ್ರ ಪ್ರೈವೆಸಿ ಕಾನೂನು ಇಲ್ಲ. ಹಾಗಾಗಿ ರಾಜ್ಯಗಳೇ ಒಂದೊಂದಾಗಿ ಮಾಡಿಕೊಂಡಿವೆ. ಮೊದಲು ಮಾಡಿದ್ದು ಕ್ಯಾಲಿಫೋರ್ನಿಯಾ: 2018ರಲ್ಲಿ ಪಾಸಾಗಿ 2020ರ ಜನವರಿ 1ರಿಂದ ಜಾರಿಗೆ ಬಂದ ಸಿಸಿಪಿಎ (ಕ್ಯಾಲಿಫೋರ್ನಿಯಾ ಕನ್ಸ್ಯೂಮರ್ ಪ್ರೈವೆಸಿ ಆಕ್ಟ್). 2020ರ ನವೆಂಬರ್‌ನಲ್ಲಿ ಮತದಾರರು ಅದನ್ನು ಇನ್ನಷ್ಟು ಬಿಗಿ ಮಾಡಿದರು.

ಆದರೆ ‘ಯಾವ ಕಂಪನಿಗಾದರೂ’ ಅನ್ನುವ ಹಾಗಿಲ್ಲ. ಕಾನೂನು ಅನ್ವಯಿಸಬೇಕಾದರೆ ಕಂಪನಿಯ ವರ್ಷದ ಆದಾಯ ಸುಮಾರು 2.6 ಕೋಟಿ ಡಾಲರ್ ದಾಟಿರಬೇಕು, ಅಥವಾ 1 ಲಕ್ಷ ಜನರ ಇಲ್ಲವೇ ಮನೆಗಳ ಮಾಹಿತಿಯನ್ನು ಕೊಳ್ಳುತ್ತಿರಬೇಕು, ಮಾರುತ್ತಿರಬೇಕು ಇಲ್ಲವೇ ಹಂಚಿಕೊಳ್ಳುತ್ತಿರಬೇಕು, ಅಥವಾ ಕನಿಷ್ಠ ಅರ್ಧದಷ್ಟು ಆದಾಯ ಹಾಗೆ ಮಾರುವುದರಿಂದ, ಹಂಚಿಕೊಳ್ಳುವುದರಿಂದಲೇ ಬರುತ್ತಿರಬೇಕು. ಮೂಲೆಯ ಇಂಡಿಯನ್ ಸ್ಟೋರ್‌ಗೆ ಪತ್ರ ಬರೆದು ಪ್ರಯೋಜನವಿಲ್ಲ. ಲಾಭಕ್ಕಾಗಿ ನಡೆಸದ ದೇವಸ್ಥಾನ, ಕನ್ನಡ ಕೂಟಗಳೂ ಹೊರಗೇ.

ದೊಡ್ಡ ಕಂಪನಿಯೇ ಆದರೆ, ಅರ್ಜಿ ತಲುಪಿದೆ ಅಂತ 10 ಕೆಲಸದ ದಿನಗಳಲ್ಲಿ ತಿಳಿಸಬೇಕು, 45 ದಿನಗಳಲ್ಲಿ ಉತ್ತರ ಕೊಡಬೇಕು. ಕಾರಣ ಹೇಳಿ ಇನ್ನೂ 45 ದಿನ ತೆಗೆದುಕೊಳ್ಳಬಹುದು. ಆಮೇಲೂ ಎಲ್ಲವನ್ನೂ ಅಳಿಸುವುದಿಲ್ಲ. ಮುಗಿಯದ ಆರ್ಡರ್, ಕಾನೂನಿಗಾಗಿ ಇಟ್ಟುಕೊಳ್ಳಬೇಕಾದ ದಾಖಲೆ, ಇವಕ್ಕೆಲ್ಲ ವಿನಾಯಿತಿ ಇದೆ. ಬ್ಯಾಂಕ್ ಖಾತೆಯ ವಿವರಕ್ಕೆ ಬೇರೆ ಫೆಡರಲ್ ಕಾನೂನೇ ಇದೆ.

ಎಲ್ಲಕ್ಕಿಂತ ದೊಡ್ಡ ತೂತು ಇನ್ನೊಂದಿದೆ. ಸಿಸಿಪಿಎ ಪ್ರಕಾರ ಅಳಿಸಬೇಕಾದ್ದು ಕಂಪನಿ ನಿಮ್ಮಿಂದಲೇ ಪಡೆದ ಮಾಹಿತಿ ಮಾತ್ರ. ನಿಮ್ಮ ಮುಖವನ್ನೇ ಕಾಣದ ಡೇಟಾ ಬ್ರೋಕರ್ (ಜನರ ಮಾಹಿತಿ ಕಲೆಹಾಕಿ ಮಾರುವ ಕಂಪನಿ) ಎಲ್ಲಿಂದಲೋ ಕೊಂಡಿಟ್ಟುಕೊಂಡ ಫೋನ್ ನಂಬರ್, ವಿಳಾಸದ ಗತಿ? ಅದಕ್ಕೆಂದೇ 2023ರಲ್ಲಿ ‘ಡಿಲೀಟ್ ಆಕ್ಟ್’ ತಂದರು. ಅದರಡಿ ರಾಜ್ಯ ನಡೆಸುವ ‘ಡ್ರಾಪ್’ ತಾಣದಲ್ಲಿ ಒಂದೇ ಅರ್ಜಿ ಹಾಕಿದರೆ ನೋಂದಾಯಿತ ಬ್ರೋಕರ್‌ಗಳಿಗೆಲ್ಲ ಹೋಗುತ್ತದೆ. ಖರ್ಚಿಲ್ಲ. 2026ರ ಆಗಸ್ಟ್ 1ರಿಂದ ಬ್ರೋಕರ್‌ಗಳು 45 ದಿನಕ್ಕೊಮ್ಮೆ ಆ ಪಟ್ಟಿ ನೋಡಿ ಅಳಿಸಬೇಕೆಂಬುದು ನಿಯಮ. ತಪ್ಪಿದರೆ ಒಂದು ಅರ್ಜಿಗೆ ದಿನಕ್ಕೆ 200 ಡಾಲರ್ ದಂಡ.

ಅದಕ್ಕೇ ನಾನು ಹೇಳುವುದು, ಒಂದೊಂದೇ ಕಂಪನಿಗೆ ಸುಮ್ನೆ ಬರೆಯುತ್ತಾ ಕೂರಬೇಡಿ. ಮೊದಲು ಡ್ರಾಪ್ ಅರ್ಜಿ ಹಾಕಿ. ಆಮೇಲೆ ಬ್ರೌಸರ್‌ನಲ್ಲಿ ‘ಗ್ಲೋಬಲ್ ಪ್ರೈವೆಸಿ ಕಂಟ್ರೋಲ್’ ಆನ್ ಮಾಡಿ. ಫೈರ್‌ಫಾಕ್ಸ್‌ನಲ್ಲಿ ಸೆಟ್ಟಿಂಗ್ಸ್‌ನಲ್ಲೇ ಇದೆ, ಬ್ರೇವ್‌ನಲ್ಲಿ ತಾನಾಗೇ ಆನ್ ಇರುತ್ತದೆ, ಕ್ರೋಮ್‌ಗೆ ಎಕ್ಸ್‌ಟೆನ್ಷನ್ ಬೇಕು. ‘ನನ್ನ ಮಾಹಿತಿ ಮಾರಬೇಡಿ’ ಅಂತ ಅದು ಪ್ರತಿ ಸೈಟ್‌ಗೂ ಹೇಳುತ್ತಿರುತ್ತದೆ, ಕಂಪನಿ ಕೇಳಲೇಬೇಕು. ಇದನ್ನು ಲೆಕ್ಕಿಸಲಿಲ್ಲ ಎಂಬುದೂ ಸೇರಿದ್ದ ಕೇಸಿನಲ್ಲಿ ಸೌಂದರ್ಯ ಸಾಮಗ್ರಿ ಮಾರುವ ಸೆಫೋರಾ 2022ರಲ್ಲಿ 12 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು.

ಕಂಪನಿ ಮಾತು ಕೇಳದಿದ್ದರೆ ನೀವೇ ಕೋರ್ಟಿಗೆ ಹೋಗಬಹುದಾ? ಮಾಹಿತಿ ಸೋರಿಕೆಯಾದಾಗ ಮಾತ್ರ, ಅದೂ ಷರತ್ತುಗಳೊಂದಿಗೆ. ಉಳಿದದ್ದಕ್ಕೆಲ್ಲ ರಾಜ್ಯದ ಪ್ರೈವೆಸಿ ಏಜೆನ್ಸಿಗೆ ದೂರು ಕೊಡಬೇಕು.

ಕೆಲಸ ಬದಲಾಗಿ ಆಸ್ಟಿನ್ ಕಡೆ ಹೋಗುವವರಿದ್ದರೆ, ಟೆಕ್ಸಾಸ್‌ನಲ್ಲೂ 2024ರ ಜುಲೈ 1ರಿಂದ ಇಂಥದೇ ಕಾನೂನಿದೆ. ಬೇರೆ ಕಡೆಯಿಂದ ಪಡೆದ ಮಾಹಿತಿಯನ್ನೂ ಅಳಿಸಿ ಅಂತ ಅಲ್ಲಿ ಕೇಳಬಹುದು. ಆದರೆ ಡ್ರಾಪ್ ಥರದ ಒಂದೇ ಅರ್ಜಿಯ ಅನುಕೂಲ ಇಲ್ಲ. ಡ್ರಾಪ್ ಅರ್ಜಿಯ ಕೆಲಸವನ್ನು ಹೊರಡುವ ಮೊದಲೇ ಮುಗಿಸಿಕೊಳ್ಳಿ.