ಬನ್ನಿಯೂ ಬಂಗಾರ, ಆಪಟಾವೂ ಬಂಗಾರ: ಎಲೆಗಳ ಆಕಾರ ಮಾತ್ರ ಬೇರೆ ಏಕೆ?

ಪ್ರಶ್ನೆ: ದಸರೆಯ ದಿನ ಊರಿನಿಂದ ತಂದ ಬನ್ನಿಯನ್ನೂ ಪಕ್ಕದ ಮನೆಯವರು ಕೊಟ್ಟ ಆಪಟಾ ಎಲೆಯನ್ನೂ ದೇವರ ಮುಂದೆ ಇಟ್ಟಿದ್ದೆವು. ಎರಡನ್ನೂ ಬಂಗಾರ ಎನ್ನುತ್ತೇವೆ, ಆದರೆ ಒಂದರಂತೆ ಒಂದಿಲ್ಲವಲ್ಲ ಎಂದು ಮಗಳು ಕೇಳಿದಳು. ಒಂದೇ ಬಿಸಿಲು, ಒಂದೇ ಮಳೆ. ಆದರೂ ಎಲೆಗಳಿಗೆ ಇಷ್ಟೊಂದು ಆಕಾರ, ಇಷ್ಟೊಂದು ಬಗೆಯ ನರಗಳು ಏಕೆ? (ಓದುಗರೊಬ್ಬರು, ಪಿಂಪ್ರಿ, ಪುಣೆ)

ಉತ್ತರ: ವಿಜಯಪುರದಿಂದ ಪುಣೆಗೆ ಬಂದ ಮೊದಲ ದಸರೆಯಲ್ಲಿ ನನ್ನನ್ನು ಕಾಡಿದ್ದೂ ಇದೇ ಪ್ರಶ್ನೆ. ಊರಿನಲ್ಲಿ ‘ಬನ್ನಿ ತೆಗೆದುಕೊಂಡು ಬಂಗಾರದ ಹಾಗೆ ಇರೋಣ’ ಎನ್ನುತ್ತಾ ಹಿರಿಯರ ಅಂಗೈಯಲ್ಲಿ ಇಡುತ್ತಿದ್ದದ್ದು ಬೆರಳಸಂದಿಯಲ್ಲಿ ಉದುರಿಹೋಗುವಷ್ಟು ಸಣ್ಣ ಎಲೆ. ಇಲ್ಲಿ ‘ಸೋನ’ ಎಂದು ಕೊಟ್ಟದ್ದು ತುದಿಯಲ್ಲಿ ಸೀಳಿದ, ಹಸುವಿನ ಗೊರಸಿನಂಥ ಎಲೆ. ಆದರೆ ಎರಡೂ ಮರಗಳು ಒಂದೇ ಕುಟುಂಬದವು. ತೊಗರಿ, ಅವರೆ, ಹುಣಸೆಗಳೂ ಅದೇ ಬಳಗಕ್ಕೆ ಸೇರಿವೆ.

ಮೊದಲು ಮಗಳಿಗೆ ಒಂದು ಮಾತು ಹೇಳಿ. ನಾವು ಬನ್ನಿಯ ಎಲೆ ಎನ್ನುವುದು ನಿಜವಾಗಿ ಎಲೆಯ ಒಂದು ತುಣುಕು, ಕಿರುಎಲೆ. ಸಾಲುಸಾಲಾಗಿ ಕಿರುಎಲೆಗಳನ್ನು ಹೊತ್ತ ಇಡೀ ಕವಲು ಸೇರಿದರೆ ಒಂದು ಎಲೆ. ಇದನ್ನು ಗುರುತಿಸುವುದು ಸುಲಭ: ನಿಜವಾದ ಎಲೆಯ ತೊಟ್ಟು ರೆಂಬೆಯನ್ನು ಸೇರುವ ಕಂಕುಳಲ್ಲಿ ಒಂದು ಮೊಗ್ಗು ಇರುತ್ತದೆ, ಕಿರುಎಲೆಯ ಬುಡದಲ್ಲಿ ಇರುವುದಿಲ್ಲ. ಆಪಟಾದ್ದು ಇಡಿಯಾದ ಒಂದೇ ಎಲೆ.

ಎಲೆಗೆ ಬಿಸಿಲು ಬೇಕು, ಅದಕ್ಕಾಗಿ ಅಗಲವಾಗಬೇಕು. ಅಗಲವಾದಷ್ಟೂ ಕಾಯುತ್ತದೆ. ತಂಪಾಗಲು ಸಣ್ಣ ರಂಧ್ರಗಳಿಂದ ನೀರನ್ನು ಆವಿಯಾಗಿ ಬಿಡಬೇಕು, ಆ ನೀರನ್ನು ಬೇರು ಒದಗಿಸಬೇಕು. ಪ್ರತಿಯೊಂದು ಎಲೆಯ ಮೈಗೂ ನಿಶ್ಚಲ ಗಾಳಿಯ ತೆಳು ಪದರವೊಂದು ಅಂಟಿಕೊಂಡಿರುತ್ತದೆ. ಎಲೆ ದೊಡ್ಡದಾದಷ್ಟೂ ಈ ಪದರ ದಪ್ಪವಾಗಿ ಶಾಖವನ್ನು ಹಿಡಿದಿಡುತ್ತದೆ. ಬನ್ನಿಯ ಕಿರುಎಲೆ ಒಂದು ಸೆಂಟಿಮೀಟರ್ ಆಸುಪಾಸಿನದು, ಅದರ ಮೇಲಿನ ಪದರವೂ ತೆಳು. ಹೀಗಾಗಿ ಹೆಚ್ಚು ನೀರು ಖರ್ಚು ಮಾಡದೆಯೇ ಶಾಖವನ್ನು ಗಾಳಿಗೆ ಬಿಟ್ಟುಕೊಡುತ್ತದೆ. ರಾಜಸ್ಥಾನದ ಮರುಭೂಮಿಯಲ್ಲೂ ಬನ್ನಿ ಹಸಿರಾಗಿ ನಿಲ್ಲುವುದಕ್ಕೆ ಆಳಕ್ಕಿಳಿಯುವ ಬೇರಿನ ಜೊತೆಗೆ ಇದೂ ಒಂದು ಕಾರಣ.

ಹಾಗಾದರೆ ಬಿಸಿಲ ನಾಡಿನ ತೇಗಕ್ಕೆ ಮೊರದಷ್ಟು ಅಗಲದ ಎಲೆ ಹೇಗೆ ಬಂತು? ತೇಗ ಹಿಡಿದ ದಾರಿ ಬೇರೆ. ಮಳೆಗಾಲದಲ್ಲಿ ನೀರು ಇರುವಾಗ ದೊಡ್ಡ ಎಲೆ ಬಿಚ್ಚಿ ಬೇಗಬೇಗ ದುಡಿದುಕೊಳ್ಳುತ್ತದೆ, ಬೇಸಿಗೆ ಬರುವ ಹೊತ್ತಿಗೆ ಎಲ್ಲವನ್ನೂ ಉದುರಿಸಿಬಿಡುತ್ತದೆ. ಏಪ್ರಿಲ್‌ನಲ್ಲಿ 40 ಡಿಗ್ರಿ ಮುಟ್ಟುವ ಬಿಸಿಲಿಗೆ ಮೈಯೊಡ್ಡಲು ಅದರಲ್ಲಿ ಎಲೆಯೇ ಇರುವುದಿಲ್ಲ. ‘ಪರಿಸರಕ್ಕೆ ಹೊಂದಿಕೊಳ್ಳಲು’ ಎಂಬ ಪಠ್ಯಪುಸ್ತಕದ ಒಂದು ಸಾಲಿನ ಉತ್ತರ ನನಗೆ ಸಾಲದೆನಿಸುವುದು ಇದಕ್ಕಾಗಿಯೇ. ಒಂದೇ ಗುಡ್ಡದಲ್ಲಿ ಬದುಕಲು ಹಲವು ದಾರಿಗಳಿವೆ, ಪ್ರತಿ ದಾರಿಗೂ ಒಪ್ಪುವ ಎಲೆ ಬೇರೆ.

ಬಿಸಿಲಷ್ಟೇ ಅಲ್ಲ, ಚಳಿಗೂ ಇದರಲ್ಲಿ ಪಾಲಿದೆ. ಆಸ್ಟ್ರೇಲಿಯಾದ ಇಯಾನ್ ರೈಟ್ ಮತ್ತು ಸಂಗಡಿಗರು ಜಗತ್ತಿನ 7,670 ಸಸ್ಯ ಪ್ರಭೇದಗಳ ಎಲೆಗಳನ್ನು ಹೋಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಭೂಮಿಯ ಬಹುಭಾಗದಲ್ಲಿ ಎಲೆಯ ಗಾತ್ರಕ್ಕೆ ಮಿತಿ ಹಾಕುವುದು ರಾತ್ರಿಯ ಚಳಿ. ದೊಡ್ಡ ಎಲೆ ಇರುಳಲ್ಲಿ ಸುತ್ತಲಿನ ಗಾಳಿಗಿಂತ ಬೇಗ ತಣ್ಣಗಾಗಿ ಹಿಮಕ್ಕೆ ಸುಟ್ಟುಹೋಗುತ್ತದೆ. ಇನ್ನು ಅರಳಿ ಎಲೆಯ ಉದ್ದ ಬಾಲ ಮಳೆನೀರು ಬೇಗ ಜಾರಿ ಇಳಿಯಲು ನೆರವಾಗುತ್ತದೆ. ಜೋರು ಮಳೆಯ ಕಾಡುಗಳಲ್ಲಿ ಇಂಥ ಚೂಪು ತುದಿಯ ಎಲೆಗಳೇ ಹೆಚ್ಚು.

ಈಗ ನರಗಳ ವಿಷಯ. ನನಗೆ ಇದು ಆಕಾರಕ್ಕಿಂತ ಹೆಚ್ಚು ಇಷ್ಟವಾದದ್ದು. ಅಜ್ಜಿ ವೀಳ್ಯದೆಲೆಯ ತೊಟ್ಟು, ತುದಿ ಮುರಿದು, ಬೆನ್ನಿನ ಮೇಲಿನ ನರವನ್ನು ಉಗುರಿನಿಂದ ಸರ್ರನೆ ಎಳೆದು ತೆಗೆಯುತ್ತಿದ್ದಳು. ಆ ಎಳೆಯಲ್ಲಿ ಎರಡು ಬಗೆಯ ಕೊಳವೆಗಳು ಒಟ್ಟಿಗಿರುತ್ತವೆ. ಒಂದು ನೀರನ್ನು ಒಳಗೆ ತರುತ್ತದೆ, ಇನ್ನೊಂದು ಎಲೆ ತಯಾರಿಸಿದ ಸಕ್ಕರೆಯನ್ನು ಹೊರಗೆ ಸಾಗಿಸುತ್ತದೆ. ಎಲೆಯನ್ನು ಚಪ್ಪಟೆಯಾಗಿ ಹಿಡಿದು ನಿಲ್ಲಿಸುವುದೂ ಇವೇ ನರಗಳು.

ಒಣಗಿದ ಆಪಟಾ ಎಲೆ ಮನೆಯಲ್ಲಿದ್ದರೆ ಕಿಟಕಿಯ ಬೆಳಕಿಗೆ ಹಿಡಿಯಿರಿ. ತೊಟ್ಟಿನ ಬುಡದಿಂದಲೇ ಏಳೆಂಟು ನರಗಳು ಬೀಸಣಿಗೆಯ ಕಡ್ಡಿಗಳಂತೆ ಹರಡಿವೆ. ನಡುವಿನ ನರ ಮಾತ್ರ ಸೀಳಿನ ತಳಕ್ಕೆ ಬಂದು ನಿಲ್ಲುತ್ತದೆ. ದೊಡ್ಡ ನರಗಳ ನಡುವೆ ಕೂದಲೆಳೆಯಂಥ ನರಗಳು ಒಂದಕ್ಕೊಂದು ಕೂಡಿ ಬಲೆಯಾಗಿವೆ. ಈ ಬಲೆ ಏಕೆ ಬೇಕು? ನ್ಯೂಯಾರ್ಕ್‌ನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಎಲೆನಿ ಕಟಿಫೋರಿ ಮತ್ತು ಸಂಗಡಿಗರು ನಿಂಬೆ ಎಲೆಯ ನಡುನರಕ್ಕೆ ತೂತು ಹಾಕಿ, ಹೊಳೆಯುವ ಬಣ್ಣದ ದ್ರವವನ್ನು ಹರಿಸಿ ನೋಡಿದರು. ದ್ರವ ತೂತನ್ನು ಬಳಸಿಕೊಂಡು ಅಕ್ಕಪಕ್ಕದ ಸಣ್ಣ ನರಗಳ ಮೂಲಕ ಮುಂದಕ್ಕೆ ಸಾಗಿತು. ಕವಲೊಡೆದ ನರಗಳು ಮತ್ತೆ ಕೂಡದ ಗಿಂಕ್ಗೊ ಎಂಬ ಪ್ರಾಚೀನ ಮರದ ಎಲೆಯಲ್ಲಿ ಹಾಗೆ ಆಗಲಿಲ್ಲ, ತೂತಿನಿಂದಾಚೆಗೆ ಹರಿವು ನಿಂತಿತು. 2010ರಲ್ಲಿ ಪ್ರಕಟವಾದ ಕೆಲಸವಿದು. ಹುಳು ತಿಂದು ಜರಡಿಯಾದ ಎಲೆಯೂ ಹಸಿರಾಗಿರುವುದರ ಗುಟ್ಟು ಇಲ್ಲಿದೆ.

ಬಾಳೆಯ ನರಗಳು ನಡುದಿಂಡಿನಿಂದ ಅಂಚಿಗೆ ಒಂದರ ಪಕ್ಕ ಒಂದು ಸಾಲಾಗಿ ಓಡುತ್ತವೆ, ಅಡ್ಡ ಬಂಧ ದುರ್ಬಲ. ಗಾಳಿ ಬಂದರೆ ಆ ಸಾಲಿಗೇ ಹರಿಯುತ್ತದೆ. ಊಟಕ್ಕೆ ಹಾಕುವವರಿಗೆ ಹರಿದ ಎಲೆ ಬೇಡ, ಗಿಡಕ್ಕೆ ಮಾತ್ರ ಅದರಿಂದ ಅನುಕೂಲ: ಪಟ್ಟಿಪಟ್ಟಿಯಾದ ಎಲೆಯನ್ನು ಗಾಳಿ ಮುರಿಯಲಾರದು. ಏಕದಳ ಸಸ್ಯಕ್ಕೆ ಸಮಾನಾಂತರ ನರ, ದ್ವಿದಳ ಸಸ್ಯಕ್ಕೆ ಬಲೆ ಎಂದು ಶಾಲೆಯಲ್ಲಿ ಕಲಿಸುತ್ತಾರೆ. ಬಹುಪಾಲು ಅದು ನಿಜವೇ. ಆದರೆ ಪತ್ರೊಡೆಗೆ ತರುವ ಕೆಸುವಿನ ಎಲೆಯನ್ನು ಹಿಂದೆ ಮುಂದೆ ನೋಡಿ: ಅದು ಏಕದಳ, ಆದರೂ ನರಗಳು ಬಲೆಯಂತೆ ಹೆಣೆದುಕೊಂಡಿವೆ.

ಈ ನಕ್ಷೆಯನ್ನು ಬರೆಯುವವರು ಯಾರು? ಎಳೆಯ ಚಿಗುರಿನಲ್ಲಿ ಆಕ್ಸಿನ್ ಎಂಬ ಹಾರ್ಮೋನು ಕೋಶದಿಂದ ಕೋಶಕ್ಕೆ ಹರಿಯುತ್ತದೆ. ಹೆಚ್ಚು ಹರಿದ ದಾರಿ ಇನ್ನಷ್ಟು ಹರಿವನ್ನು ಸೆಳೆದುಕೊಳ್ಳುತ್ತದೆ, ಕೊನೆಗೆ ಅದೇ ನರವಾಗಿ ಗಟ್ಟಿಯಾಗುತ್ತದೆ. ಮೊದಲ ಮಳೆಯ ನೀರು ಬೋಳು ಗುಡ್ಡದ ಮೇಲೆ ಕೊರಕಲು ಮಾಡಿಕೊಳ್ಳುವುದೂ ಹೀಗೆಯೇ. ಇಸ್ರೇಲಿನ ವಿಜ್ಞಾನಿ ತ್ಸ್ವಿ ಸಾಕ್ಸ್ 1960ರ ದಶಕದ ಕೊನೆಯಲ್ಲಿ ಮುಂದಿಟ್ಟ ವಿಚಾರವಿದು. ಎಲೆಯ ಅಂಚು ಎಲ್ಲಿ ಉಬ್ಬಬೇಕು, ಎಲ್ಲಿ ತಗ್ಗಬೇಕು ಎನ್ನುವುದರಲ್ಲೂ ಇದೇ ಹಾರ್ಮೋನಿನ ಕೈವಾಡವಿದೆ. ಆದ್ದರಿಂದ ಆಕಾರ, ನರ ಎರಡೂ ಒಟ್ಟೊಟ್ಟಿಗೆ ಮೂಡುತ್ತವೆ.

ಮನೆತನದ ಚಹರೆಯೂ ಉಳಿದುಕೊಳ್ಳುತ್ತದೆ. ನೇರಳೆಯ ಎಲೆಯಲ್ಲಿ ಅಂಚಿಗೆ ತುಸು ಒಳಗೆ, ಸೀರೆಯ ಅಂಚಿನ ಗೆರೆಯಂತೆ, ಸುತ್ತಲೂ ಓಡುವ ನರವೊಂದಿದೆ. ಆಸ್ಟ್ರೇಲಿಯಾದಿಂದ ಬಂದ ನೀಲಗಿರಿಯ ಎಲೆಯಲ್ಲೂ ಅದೇ ಗೆರೆ ಸಿಗುತ್ತದೆ. ಎರಡೂ ಒಂದೇ ಕುಟುಂಬದ ಮರಗಳು. ಬನ್ನಿ ಮತ್ತು ಆಪಟಾದ ಮನೆತನದ ಗುರುತನ್ನು ಹುಡುಕಬೇಕಾದದ್ದು ಎಲೆಯಲ್ಲಲ್ಲ, ಕಾಯಲ್ಲಿ: ಎರಡಕ್ಕೂ ಅವರೆಯಂತೆ ಬೀಜ ಸಾಲಾಗಿ ಕೂತ ಉದ್ದನೆಯ ಕಾಯಿ.

ಮಗಳಿಗೆ ಇನ್ನೂ ಕುತೂಹಲ ಉಳಿದಿದ್ದರೆ, ಈ ಸಲ ಹಲಸು ತಿಂದಾಗ ಒಂದು ಬೀಜವನ್ನು ಕುಂಡದಲ್ಲಿ ಊರಿಸಿ. ದೊಡ್ಡ ಹಲಸಿನ ಮರದ ಎಲೆಗೆ ಸೀಳಿಲ್ಲ. ಎಳೆಯ ಸಸಿಯ ಎಲೆಗಳಲ್ಲಿ ಎಷ್ಟೋ ಸಲ ಎರಡು ಮೂರು ಸೀಳುಗಳಿರುತ್ತವೆ, ಗಿಡ ಬೆಳೆದಂತೆ ಅವು ಇಲ್ಲವಾಗುತ್ತವೆ. ಪ್ರತಿ ಹೊಸ ಎಲೆ ಬಂದಾಗಲೂ ಅದನ್ನು ಕಾಗದದ ಮೇಲಿಟ್ಟು ಸುತ್ತಲೂ ಗೆರೆ ಎಳೆದುಕೊಳ್ಳಲು ಹೇಳಿ.